ನಗು ಯಾರಪ್ಪನ ಮನೆ ಸ್ವತ್ತು?

ರಿಚರ್ಡ್ ಪ್ರಯರ್ ಎಂಬ ಹೆಸರನ್ನು ನಮ್ಮ ಕಡೆ ಬಹಳ ಜನ ಕೇಳಿರಲಾರರು. ಅಮೆರಿಕದ ಕರಿಯ. ನಗಿಸುವುದು ಅವನ ಕಸುಬು. 1940ರ ಡಿಸೆಂಬರ್ 1ರಂದು ಹುಟ್ಟಿದ, 2005ರ ಡಿಸೆಂಬರ್ 10ರಂದು ಸತ್ತ. ಡಿಸೆಂಬರ್ 6ರಂದು ನಾವು ಬಾಬಾಸಾಹೇಬರಿಗೆ ಹಾಕಿದ ಹಾರ ಒಣಗುವ ಹೊತ್ತಿಗೆ ಅವನು ಸತ್ತ ದಿನ ಬರುತ್ತದೆ. ಅದು ಮಾನವ ಹಕ್ಕುಗಳ ದಿನವೂ ಹೌದು.

ಹೋರಾಟದ ಪತ್ರಿಕೆಯಲ್ಲಿ ನಗೆಗಾರನಿಗೇನು ಕೆಲಸ ಅಂತ ಗೆಳೆಯರು ಕೇಳಬಹುದು. ನಮ್ಮ ಪತ್ರಿಕೆಗಳಲ್ಲಿ ಸಿಟ್ಟಿಗೆ ಜಾಗ ಇದೆ, ಅಳುವಿಗೆ ಜಾಗ ಇದೆ. ನಗುವಿಗೆ ಮಾತ್ರ ಕಡಿಮೆ. ಅದಕ್ಕೆ ಕಾರಣವೂ ಇದೆ. ನಮ್ಮ ಜನ ನಕ್ಕಿದ್ದಕ್ಕಿಂತ ನಮ್ಮ ಜನರನ್ನು ನೋಡಿ ಬೇರೆಯವರು ನಕ್ಕಿದ್ದೇ ಹೆಚ್ಚು. ನಮ್ಮ ಮಾತು, ನಮ್ಮ ಊಟ, ನಮ್ಮ ಹೆಸರು, ನಮ್ಮ ದೇವರು ಎಲ್ಲವೂ ಯಾರದೋ ಜಗುಲಿಯ ಮೇಲೆ ನಗೆಪಾಟಲಾಗಿವೆ. ಹಾಗಾಗಿ ನಗು ಅಂದ ಕೂಡಲೇ ಮೈ ಮುದುರಿಕೊಳ್ಳುವುದು ನಮಗೆ ಅಭ್ಯಾಸ. ಈ ಪ್ರಯರ್ ಎಂಬವನು ಆ ಮುದುರಿಕೊಂಡ ಮೈಯನ್ನು ಟೆಲಿವಿಷನ್ನಿನ ಬೆಳಕಿನಲ್ಲಿ ನೆಟ್ಟಗೆ ನಿಲ್ಲಿಸಿದವನು. ಅದಕ್ಕೇ ಅವನ ನೆನಪು.

ನನಗೆ ಅಮೆರಿಕದ ಕರಿಯರ ಪರಿಚಯ ಮೊದಲು ಆದದ್ದು ಹಾಸ್ಯದಿಂದಲ್ಲ. 1966ರಲ್ಲಿ ಓಕ್ಲೆಂಡ್ ಎಂಬ ಊರಿನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಆ ಹೆಸರನ್ನೇ ಹಿಡಿದು 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ದಲಿತ್ ಪ್ಯಾಂಥರ್ ಕಟ್ಟಿದರು. ಅದರ ಕಾವು ಕರ್ನಾಟಕಕ್ಕೂ ತಗುಲಿತು. ಹಾಸ್ಟೆಲಿನಲ್ಲಿ ಒಂದು ಪುಸ್ತಕವನ್ನು ಹದಿನೈದು ಜನ ಓದುತ್ತಿದ್ದ ಕಾಲ. ಆ ಪುಟಗಳಲ್ಲಿ ಕಂಡ ಕರಿಯರು ಬಂದೂಕು ಹಿಡಿದಿದ್ದರು, ಭಾಷಣ ಮಾಡುತ್ತಿದ್ದರು, ಜೈಲಿನಲ್ಲಿದ್ದರು. ನಗುತ್ತಿದ್ದವರು ಒಬ್ಬರೂ ನೆನಪಿಲ್ಲ.

ಪ್ರಯರ್ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಬಂದವನು, 'ಮಾವ, ಇದೊಸಿ ನೋಡಿ, ನಿಮ್ಮ ಇಂಟರ್‌ವ್ಯೂ ಕತೆ ಇದ್ದಂಗದೆ' ಅಂತ ಮೊಬೈಲನ್ನು ಮುಂದೆ ಹಿಡಿದ. ಕೆಲವೇ ನಿಮಿಷದ ಒಂದು ಪ್ರಹಸನ. ಅದರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಅವನು ಎಲ್ಲಿಂದ ಬಂದವನು ಅಂತ ತಿಳಿಯಬೇಕು.

ಇಲಿನಾಯ್ ಎಂಬ ರಾಜ್ಯದಲ್ಲಿ ಪಿಯೋರಿಯಾ ಅಂತ ಒಂದು ಊರು. ಅಮೆರಿಕದ ನಾಟಕದವರಲ್ಲಿ ಒಂದು ಮಾತಿತ್ತು: 'ಇದು ಪಿಯೋರಿಯಾದಲ್ಲಿ ನಡೀತದಾ?' ಅಂದರೆ ಪಿಯೋರಿಯಾದ ಜನ ಮೆಚ್ಚಿದರೆ ಇಡೀ ದೇಶದ ಸಾಮಾನ್ಯ ಜನ ಮೆಚ್ಚಿದಂತೆ. ಆ 'ಸಾಮಾನ್ಯ' ಊರಿನ ಸೂಳೆಗೇರಿಯಲ್ಲಿ ಈತ ಬೆಳೆದ. ಅಜ್ಜಿಯೇ ಆ ಮನೆ ನಡೆಸುತ್ತಿದ್ದವಳು. ತಾಯಿಯೂ ಅದೇ ಮನೆಯಲ್ಲಿ ಮೈ ಮಾರಿದವಳು. ಹಗಲು ಮರ್ಯಾದಸ್ತರಾಗಿ ಓಡಾಡುವ ಬಿಳಿಯರು ರಾತ್ರಿ ಎಲ್ಲಿಗೆ ಬರುತ್ತಾರೆ ಅನ್ನುವುದನ್ನು ಆ ಹುಡುಗ ಬಾಗಿಲ ಸಂದಿಯಿಂದ ಕಂಡಿದ್ದ. ಊರಿನ ನಿಜವಾದ ಚರಿತ್ರೆ ಕೇರಿಗೆ ಗೊತ್ತಿರುತ್ತದೆ. ಅದನ್ನು ಬರೆಯುವವನು ಮಾತ್ರ ಊರ ಒಳಗಿನವನು. ಪ್ರಯರ್ ಅದನ್ನು ಬರೆಯಲಿಲ್ಲ, ಆಡಿ ತೋರಿಸಿದ.

ಹದಿನಾಲ್ಕನೇ ವಯಸ್ಸಿಗೆ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಆದರೆ ಆ ಬಾಲ್ಯದಲ್ಲಿ ಇಬ್ಬರು ಟೀಚರುಗಳು ಸಿಕ್ಕುತ್ತಾರೆ. ಹಳ್ಳಿ ಮೇಷ್ಟ್ರುಗಳು ಇದನ್ನು ಗಮನವಿಟ್ಟು ಓದಬೇಕು. ಮೊದಲನೆಯವರು ಶಾಲೆಯ ಒಬ್ಬ ಟೀಚರಮ್ಮ. ಹುಡುಗ ದಿನಾ ತಡವಾಗಿ ಬರುತ್ತಿದ್ದ, ತರಗತಿಯಲ್ಲಿ ಚೇಷ್ಟೆ ಮಾಡುತ್ತಿದ್ದ. ಆಕೆ ಬೆತ್ತ ಹಿಡಿಯಲಿಲ್ಲ, ಒಂದು ಒಪ್ಪಂದ ಮಾಡಿಕೊಂಡರು. ಹೊತ್ತಿಗೆ ಸರಿಯಾಗಿ ಬಂದರೆ ವಾರಕ್ಕೊಮ್ಮೆ ಕೆಲವು ನಿಮಿಷ ತರಗತಿಯ ಮುಂದೆ ನಿಂತು ಎಲ್ಲರನ್ನೂ ನಗಿಸಬಹುದು. ಹುಡುಗ ಹೊತ್ತಿಗೆ ಸರಿಯಾಗಿ ಬರತೊಡಗಿದ. ಎರಡನೆಯವರು ಜೂಲಿಯೆಟ್ ವಿಟೇಕರ್. ಕರಿಯ ಮಕ್ಕಳಿಗಾಗಿ ಇದ್ದ ಕಾರ್ವರ್ ಸಮುದಾಯ ಕೇಂದ್ರದಲ್ಲಿ ನಾಟಕ ಆಡಿಸುತ್ತಿದ್ದರು. ಈ ಹುಡುಗನಿಗೆ ಪಾತ್ರ ಕೊಟ್ಟರು, ಪ್ರೇಕ್ಷಕರನ್ನು ಕೊಟ್ಟರು. ಮುಂದೆ 1973ರಲ್ಲಿ ಲಿಲಿ ಟಾಮ್ಲಿನ್ ಎಂಬ ನಟಿಯ ಟೆಲಿವಿಷನ್ ಕಾರ್ಯಕ್ರಮಕ್ಕೆ ಪ್ರಯರ್ ಬರೆದ. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿಯನ್ನು ಅವನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ವಿಟೇಕರ್ ಟೀಚರಿಗೆ ಕೊಟ್ಟ.

ಆಮೇಲೆ ಸೈನ್ಯ. ಪಶ್ಚಿಮ ಜರ್ಮನಿಯಲ್ಲಿದ್ದಾಗ ಒಂದು ಸಿನಿಮಾ ನೋಡುತ್ತಿದ್ದರಂತೆ. ಕರಿಯರು ಅವಮಾನ ತಿನ್ನುವ ದೃಶ್ಯ ಬಂದಾಗ ಒಬ್ಬ ಬಿಳಿಯ ಸಿಪಾಯಿ ಬಿದ್ದು ಬಿದ್ದು ನಕ್ಕ. ಈತನೂ ಜೊತೆಯವರೂ ಸೇರಿ ಅವನನ್ನು ಬಡಿದರು. ಪ್ರಯರ್ ಸೈನ್ಯದ ಜೈಲು ಸೇರಿದ. ಜೀವಮಾನವಿಡೀ ಜನರನ್ನು ನಗಿಸಿದವನು ಮೊದಲು ಜೈಲಿಗೆ ಹೋದದ್ದು ಒಂದು ನಗುವಿನ ಮೇಲೆ ಜಗಳ ಮಾಡಿ. ಎಲ್ಲ ನಗುವೂ ಒಂದೇ ಅಲ್ಲ ಅನ್ನುವುದು ಅವನಿಗೆ ಆಗಲೇ ಗೊತ್ತಿತ್ತು.

ಅವನಿಗಿಂತ ಮುಂಚೆ ಅಮೆರಿಕದ ಮನೆಗಳಲ್ಲಿ ಕರಿಯರ ಹೆಸರಿನಲ್ಲಿ ನಡೆಯುತ್ತಿದ್ದ ಹಾಸ್ಯ ಹೇಗಿತ್ತು ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ಹಾಗೆ ಕುಣಿದು ದುಡ್ಡು ಮಾಡಿದರು. 1928ರಲ್ಲಿ ರೇಡಿಯೋದಲ್ಲಿ 'ಏಮಸ್ ಅಂಡ್ ಆಂಡಿ' ಶುರುವಾಯಿತು. ಇಬ್ಬರು ಬಿಳಿಯರು ಕರಿಯರ ದನಿ ಮಾಡಿ ಮಾತಾಡುವುದು, ದೇಶಕ್ಕೆ ದೇಶವೇ ರೇಡಿಯೋ ಮುಂದೆ ಕೂತು ನಗುವುದು. 1951ರಲ್ಲಿ ಅದು ಟೆಲಿವಿಷನ್ನಿಗೆ ಬಂತು, ಈ ಸಲ ಕರಿಯ ನಟರನ್ನೇ ಹಾಕಿಕೊಂಡು. ಕರಿಯರ ಸಂಘಟನೆಯಾದ ಎನ್.ಎ.ಎ.ಸಿ.ಪಿ. ಪ್ರತಿಭಟಿಸಿತು. 1953ರಲ್ಲಿ ಅದು ನಿಂತಿತಾದರೂ ಹಳೆಯ ಕಂತುಗಳನ್ನು ಮತ್ತೆ ಮತ್ತೆ ತೋರಿಸುತ್ತಲೇ ಇದ್ದರು. ಪೂರ್ತಿ ಹಿಂದಕ್ಕೆ ತೆಗೆದುಕೊಂಡದ್ದು 1966ರಲ್ಲಿ. ಕರಿಯನ ಮುಖ ಇದ್ದರೆ ಸಾಲದು, ಬಾಯಿಗೆ ಮಾತು ಹಾಕುವವನು ಯಾರು ಅನ್ನುವುದೇ ಮುಖ್ಯ. ಇದು ನಮಗೂ ಪಾಠ.

ಪ್ರಯರ್ ಕೂಡ ಮೊದಮೊದಲು ಬಿಳಿಯರಿಗೆ ನೋವಾಗದ ಹಾಗೆ ತಮಾಷೆ ಮಾಡುತ್ತಿದ್ದ. ಕೋಟು, ಟೈ, ಮೆತ್ತಗಿನ ಮಾತು. 1967ರಲ್ಲಿ ಲಾಸ್ ವೇಗಸ್ಸಿನ ಅಲಾದ್ದೀನ್ ಹೋಟೆಲಿನಲ್ಲಿ ತುಂಬಿದ ಸಭೆಯ ಮುಂದೆ ನಿಂತವನು, ನಾನು ಇಲ್ಲಿ ಏನು ಮಾಡ್ತಾ ಇದೀನಿ ಅಂತ ತನ್ನನ್ನೇ ಗಟ್ಟಿಯಾಗಿ ಕೇಳಿಕೊಂಡು ವೇದಿಕೆಯಿಂದ ಇಳಿದುಹೋದ. ಮುಂದೆ ಕೆಲಕಾಲ ಬರ್ಕ್ಲಿ ಸೇರಿದ. ಅಲ್ಲಿ ಕರಿಯ ಲೇಖಕರ, ಪ್ಯಾಂಥರ್ ನಾಯಕರ ಒಡನಾಟ. ಹಿಂತಿರುಗಿ ಬಂದಾಗ ಅವನ ಬಾಯಲ್ಲಿ ಅವನ ಅಜ್ಜಿಯ ಮನೆಯ ಭಾಷೆ ಇತ್ತು. ಕುಡುಕರು, ಪಾದ್ರಿಗಳು, ಸೂಳೆಯರು, ಮಡ್‌ಬೋನ್ ಎಂಬ ಕತೆ ಹೇಳುವ ಮುದುಕ, ಎಲ್ಲರೂ ಅವನ ಮೈಮೇಲೆ ಬಂದು ಮಾತಾಡಿದರು. ಬಿಳಿಯರ ಬಿಗಿದ ನಡಿಗೆ, ಮೂಗಿನ ದನಿ ಕೂಡ. ಅಲ್ಲಿಯವರೆಗೆ ಬಿಳಿಯನಿಗೆ ತನಗೂ ಒಂದು ವಿಚಿತ್ರ ನಡಿಗೆ ಇದೆ ಅಂತ ಗೊತ್ತೇ ಇರಲಿಲ್ಲ.

ಇದನ್ನು ನೋಡುವಾಗ ನನಗೆ ನಮ್ಮ ದೊಡ್ಡಯ್ಯ ನೆನಪಾದ. ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಹಗಲೆಲ್ಲ ಬೆನ್ನು ಬಗ್ಗಿಸಿ 'ಬುದ್ಧಿ, ಬುದ್ಧಿ' ಅನ್ನುವುದು. ರಾತ್ರಿ ಉಂಡಾದ ಮೇಲೆ ನಮ್ಮ ಹಟ್ಟಿ ಮುಂದೆ ಗೌಡರಾಗಿಬಿಡುವನು. ಎಲೆಅಡಿಕೆ ಚೀಲ ಬಿಚ್ಚುವ ಗತ್ತು, ಕೈ ತಾಕದ ಹಾಗೆ ಮೇಲಿನಿಂದ ಕಾಸು ಬಿಡುವ ನಾಜೂಕು, ದಾರಿಯಲ್ಲಿ ನಮ್ಮ ನೆರಳು ಕಂಡ ಪೂಜಾರಪ್ಪ ಪಕ್ಕಕ್ಕೆ ಹಾರುವ ನೆಗೆತ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಯಾಕೆಂದರೆ ನಗು ಊರಿಗೆ ಕೇಳಬಾರದು. ಕೇರಿ ಮೂಲೆಯಲ್ಲಿ ನಮ್ಮಂಥ ಹುಡುಗರನ್ನು ಕಾವಲಿಗೆ ನಿಲ್ಲಿಸುತ್ತಿದ್ದರು. ಬ್ಯಾಟರಿ ಬೆಳಕು ಕಂಡು 'ಯಾರೋ ಬತ್ತಾವ್ರೆ ಕಣ್ರಪ್ಪೋ' ಅಂತ ನಾವು ಅಂದರೆ ಸಾಕು, ಗೌಡರು ಮಾಯವಾಗಿ ಬೆನ್ನು ಬಗ್ಗಿದ ದೊಡ್ಡಯ್ಯ ಕಾಣುತ್ತಿದ್ದ. ರೆಪ್ಪೆ ಬಡಿಯುವಷ್ಟರಲ್ಲಿ ಎರಡು ಮೈ. ಅವನ ನಟನೆಯಲ್ಲಿ ಬಹಳ ದೊಡ್ಡದು ಹಗಲಿನದೇ ಅಂತ ಈಗ ಅನ್ನಿಸುತ್ತದೆ. ಆ ರಾತ್ರಿಯ ನಗುವನ್ನೇ ಪ್ರಯರ್ ಕಾವಲು ನಿಲ್ಲಿಸದೆ ದೇಶದ ಮುಂದೆ ನಕ್ಕುಬಿಟ್ಟ.

ಈಗ ಆ ಪ್ರಹಸನಕ್ಕೆ ಬರೋಣ. 1975ರ ಅಕ್ಟೋಬರಿನಲ್ಲಿ ಎನ್.ಬಿ.ಸಿ. ವಾಹಿನಿಯಲ್ಲಿ ಶನಿವಾರ ರಾತ್ರಿ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ಇವತ್ತು 'ಸ್ಯಾಟರ್ಡೆ ನೈಟ್ ಲೈವ್' ಅಂತ ಲೋಕಪ್ರಸಿದ್ಧ. ಸಣ್ಣ ಸಣ್ಣ ಪ್ರಹಸನಗಳನ್ನು ನೇರ ಪ್ರಸಾರದಲ್ಲಿ ಆಡುವುದು. ಕಾಯಂ ನಟರಲ್ಲಿ ಕರಿಯ ಒಬ್ಬನೇ, ಗ್ಯಾರೆಟ್ ಮಾರಿಸ್. ಡಿಸೆಂಬರ್ 13ರಂದು ಪ್ರಯರನನ್ನು ಅತಿಥಿಯಾಗಿ ಕರೆದರು. ಅವನ ಬಾಯಿಗೆ ವಾಹಿನಿಯವರು ಹೆದರಿದ್ದರು. ಪ್ರಯರ್ ಒಂದು ಷರತ್ತು ಹಾಕಿದ: ನನ್ನ ಗೆಳೆಯ ಪಾಲ್ ಮೂನಿ ಬರೆಯಲು ಬರಬೇಕು. ಕರಿಯನಾದ ಮೂನಿಯನ್ನು ಅಲ್ಲಿನವರು ಒಬ್ಬರಾದ ಮೇಲೆ ಒಬ್ಬರು ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದರಂತೆ. ಮೂನಿ ಆ ಸಿಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಒಂದು ಪ್ರಹಸನ ಬರೆದ.

ಒಂದು ಆಫೀಸು. ಮೇಜಿನ ಆಚೆ ಬಿಳಿಯ ಅಧಿಕಾರಿ, ಚೆವಿ ಚೇಸ್ ಎಂಬ ನಟ. ಈಚೆ ಜಾಡಮಾಲಿ ಕೆಲಸಕ್ಕೆ ಅರ್ಜಿ ಹಾಕಿದ ಪ್ರಯರ್. ಜಾಡಮಾಲಿ ಕೆಲಸಕ್ಕೆ ಅಲ್ಲಿ ಇಂಟರ್‌ವ್ಯೂ ಆದರೂ ಇದೆ. ನಮ್ಮಲ್ಲಿ ಹುಟ್ಟೇ ಇಂಟರ್‌ವ್ಯೂ. ಇರಲಿ. ಅಧಿಕಾರಿ ಹೇಳುತ್ತಾನೆ, ಇನ್ನೊಂದೇ ಒಂದು ಸಣ್ಣ ಪರೀಕ್ಷೆ ಇದೆ, ನಾನೊಂದು ಪದ ಹೇಳ್ತೀನಿ, ನಿನ್ನ ಮನಸ್ಸಿಗೆ ತಟ್ಟನೆ ಬಂದ ಪದ ನೀನು ಹೇಳು. ನಾಯಿ, ಮಳೆ, ಇಂಥ ಸಾದಾ ಪದಗಳು. ಈತ ಸಾದಾ ಉತ್ತರ ಕೊಡುತ್ತಾನೆ. ಹಾಗೇ ಬಿಳಿ, ಕಪ್ಪು ಬರುತ್ತದೆ. ಆಮೇಲೆ ಅಧಿಕಾರಿ ಅದೇ ಮೆತ್ತಗಿನ ದನಿಯಲ್ಲಿ, ಅದೇ ಕಾಗದ ನೋಡುತ್ತಾ, ಕರಿಯರನ್ನು ಬಯ್ಯುವ ಒಂದೊಂದೇ ಮಾತು ತೆಗೆಯುತ್ತಾನೆ. ಪ್ರಯರನ ಮುಖ ನೋಡಬೇಕು. ಮೊದಲು ಏನಂದ ಅಂತ ಅನುಮಾನ. ಆಮೇಲೆ ಬಿಳಿಯರನ್ನು ಬಯ್ಯುವ ಒಂದು ಮಾತು. ಅವನು ಇನ್ನೊಂದು, ಇವನು ಇನ್ನೊಂದು. ಕೊನೆಗೆ ಅಧಿಕಾರಿ ಎಲ್ಲಕ್ಕಿಂತ ಕೆಟ್ಟ, ನಕಾರದಿಂದ ಶುರುವಾಗುವ ಆ ಮಾತನ್ನು ಹೇಳುತ್ತಾನೆ. ಉತ್ತರವಾಗಿ ಪ್ರಯರ್ ಬಿಳಿಯರ ಬೈಗುಳದ ಮುಂದೆ 'ಸತ್ತ' ಅಂತ ಒಂದು ಪದ ಸೇರಿಸುತ್ತಾನೆ. ಅವನ ಮುಖದ ನರ ಅದುರುತ್ತಿರುತ್ತದೆ. ಅಧಿಕಾರಿಯ ಪುಕ್ಕಲುತನ ಹೊರಬೀಳುತ್ತದೆ. ಕೆಲಸ ನಿನ್ನದೇ ಕಣಪ್ಪಾ ಅನ್ನುತ್ತಾನೆ. ಸಂಬಳ ಏರಿಸುತ್ತಾ ಹೋಗಿ ವರ್ಷಕ್ಕೆ 15,000 ಡಾಲರಿಗೆ ನಿಲ್ಲುತ್ತಾನೆ. ದೇಶದಲ್ಲೇ ಅತಿ ಹೆಚ್ಚು ಸಂಬಳದ ಜಾಡಮಾಲಿ!

ನನ್ನ ಅಕ್ಕನ ಮಗ ನಕ್ಕ. ನನಗೂ ನಗು ಬಂತು. ಆದರೆ ನಗು ಗಂಟಲಿನಲ್ಲಿ ನಿಂತು ಬೇರೆ ಏನೋ ಆಯ್ತು.

ಎಂಬತ್ತರ ದಶಕದಲ್ಲಿ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರ ಕೆಲಸಕ್ಕೆ ನಾನು ಇಂಟರ್‌ವ್ಯೂಗೆ ಹೋಗಿದ್ದೆ. ಮೇಜಿನ ಆಚೆ ನಾಲ್ಕು ಜನ. ಪಂಪನ ಬಗ್ಗೆ ಕೇಳಬಹುದು, ಕುಮಾರವ್ಯಾಸನ ಬಗ್ಗೆ ಕೇಳಬಹುದು ಅಂತ ರಾತ್ರಿಯೆಲ್ಲ ಓದಿದ್ದೆ. ಅವರು ಕೇಳಿದ್ದು ಬೇರೆ.

'ಯಾವೂರು?'

ಹೇಳಿದೆ.

'ಊರಲ್ಲಿ ಮನೆ ಎಲ್ಲಿ ಬರುತ್ತೆ? ದೇವಸ್ಥಾನದ ಈಚೆಗೋ ಆಚೆಗೋ?'

'ಆಚೆಗೆ ಸಾರ್.'

'ಬಹಳ ಆಚೆಗೋ?'

ಒಬ್ಬರು ಮುಗುಳ್ನಕ್ಕರು. ಇನ್ನೊಬ್ಬರು ಕೇಳಿದರು: 'ಹಾಲು, ಹಳ್ಳಿ, ಹಸು ಎಲ್ಲಾ ಸರಿಯಾಗಿ ಹೇಳೋಕೆ ಬರುತ್ತೇನಪ್ಪಾ? ಆಲು, ಅಳ್ಳಿ ಅಂದ್ಬಿಟ್ರೆ ಮಕ್ಕಳ ಗತಿ ಏನು?' ನಾಲ್ವರೂ ನಕ್ಕರು. ಕೆಟ್ಟ ಮಾತು ಒಂದೂ ಇಲ್ಲ. ಜಾತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಹಕಾರವನ್ನು ಎದೆಯಿಂದ ಎತ್ತಿ ಹೇಳಿ ತೋರಿಸಿದೆ. ಕೆಲಸ ಬೇರೆಯವರಿಗೆ ಹೋಯಿತು. ನನಗೆ ಮುಂದೆ ಸರ್ಕಾರಿ ಶಾಲೆಯಲ್ಲಿ ಸಿಕ್ಕಿತು.

ಅಮೆರಿಕದ ಪ್ರಹಸನದಲ್ಲಿ ಅಧಿಕಾರಿ ಬೈಗುಳವನ್ನು ಬಾಯಿಬಿಟ್ಟು ಹೇಳುತ್ತಾನೆ, ಹಾಗಾಗಿ ಅವನಿಗೆ ತಿರುಗಿ ಉತ್ತರ ಕೊಡಬಹುದು. ನಮ್ಮಲ್ಲಿ ಅದು ಅಷ್ಟು ಸುಲಭ ಅಲ್ಲ. ಹತ್ತು ಜನರ ಎದುರಿಗೆ ಜಾತಿ ಎತ್ತಿ ಅವಮಾನಿಸಿದರೆ ಅಪರಾಧ ಅಂತ 1989ರ ದೌರ್ಜನ್ಯ ತಡೆ ಕಾಯಿದೆ ಹೇಳಿತು. ಬೈಗುಳ ಹಳ್ಳಿಗಳಲ್ಲಿ ಇವತ್ತೂ ನಿಂತಿಲ್ಲ. ಓದಿದವರ ಬಾಯಲ್ಲಿ ಮಾತ್ರ ಅದು ನಯವಾದ ಪ್ರಶ್ನೆಯ ಒಳಗೆ ಹೋಗಿ ಕೂತಿದೆ. ಮನೆ ಎಲ್ಲಿ, ಮನೆದೇವರು ಯಾವುದು, ಊಟ ಏನು. ಪದ ಇಲ್ಲದ ಬೈಗುಳಕ್ಕೆ ಯಾವ ಪದದಿಂದ ಉತ್ತರ ಕೊಡುವುದು? ಮೂನಿ ಮತ್ತು ಪ್ರಯರ್ ಮಾಡಿದ್ದು ಇಷ್ಟೇ: ಮೆತ್ತಗಿನ ದನಿಯ ಒಳಗೆ ಏನಿದೆ ಅಂತ ಹೊರಗೆ ಎಳೆದು ಮೇಜಿನ ಮೇಲೆ ಇಟ್ಟರು. ಅದನ್ನು ಭಾಷಣ ಮಾಡಿ ಹೇಳಿದ್ದರೆ ಶನಿವಾರ ರಾತ್ರಿ ಯಾರೂ ಕೇಳುತ್ತಿರಲಿಲ್ಲ.

1977ರ ಸೆಪ್ಟೆಂಬರಿನಲ್ಲಿ ಎನ್.ಬಿ.ಸಿ.ಯವರು ಅವನಿಗೇ ಒಂದು ಕಾರ್ಯಕ್ರಮ ಕೊಟ್ಟರು: 'ದಿ ರಿಚರ್ಡ್ ಪ್ರಯರ್ ಶೋ'. ಮಂಗಳವಾರ ರಾತ್ರಿ ಎಂಟು ಗಂಟೆ, ಮಕ್ಕಳುಮರಿ ಕೂತು ನೋಡುವ ಹೊತ್ತು. ಪ್ರಯರನಂಥವನಿಗೆ ಆ ಹೊತ್ತು ಕೊಡುವುದು ಅಂದರೆ ಕೈ ಕಟ್ಟಿ ಕೆರೆಗೆ ಬಿಟ್ಟ ಹಾಗೆ. ಮೊದಲ ಕಂತಿನ ಶುರುವಿನಲ್ಲೇ ಜಗಳ. ಈ ಕಾರ್ಯಕ್ರಮಕ್ಕಾಗಿ ನಾನು ಏನನ್ನೂ ಬಿಟ್ಟುಕೊಟ್ಟಿಲ್ಲ ಅಂತ ಪ್ರಯರ್ ಹೇಳುತ್ತಾನೆ. ಕ್ಯಾಮೆರಾ ಹಿಂದೆ ಸರಿದರೆ ಮೈಗಂಟಿದ ಬಟ್ಟೆಯಲ್ಲಿ ಅವನು ಬೆತ್ತಲೆ ನಿಂತ ಹಾಗೆ ಕಾಣುತ್ತದೆ, ಗಂಡಸುತನ ಇರಬೇಕಾದ ಕಡೆ ಏನೂ ಇಲ್ಲ. ವಾಹಿನಿಯವರು ಅದನ್ನು ತೋರಿಸಲು ಬಿಡಲಿಲ್ಲ. ಬಿಡಲಿಲ್ಲ ಅನ್ನುವುದರಿಂದಲೇ ಅವನ ಮಾತು ನಿಜ ಅಂತ ಸಾಬೀತಾಯಿತು.

ಆ ಕಾರ್ಯಕ್ರಮದ ಎರಡು ಪ್ರಹಸನ ಹೇಳಬೇಕು. ಒಂದರಲ್ಲಿ ಪ್ರಯರ್ ಅಮೆರಿಕದ ನಲವತ್ತನೇ ಅಧ್ಯಕ್ಷ, ಅಂದರೆ ಮೊದಲ ಕರಿಯ ಅಧ್ಯಕ್ಷ. ಪತ್ರಿಕಾಗೋಷ್ಠಿ. ಮೊದಲು ಗಂಭೀರವಾಗಿ ತೂಕದ ಉತ್ತರ. ಕರಿಯ ಪತ್ರಕರ್ತರು ಎದ್ದು ಕೇಳತೊಡಗಿದಂತೆ ಅವನ ಮಾತು ಸಡಿಲವಾಗುತ್ತದೆ, ಮನೆಮಾತು ಬರುತ್ತದೆ. ಹ್ಯೂಯಿ ನ್ಯೂಟನ್‌ನನ್ನು ಎಫ್.ಬಿ.ಐ. ಮುಖ್ಯಸ್ಥನಾಗಿ ಮಾಡ್ತೀರಾ ಅಂದರೆ, ಎಫ್.ಬಿ.ಐ.ಯ ಒಳಗು ಹೊರಗು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನುವ ಅರ್ಥದ ಉತ್ತರ. ಕೊನೆಗೆ ಒಬ್ಬ ಬಿಳಿಯ ಪತ್ರಕರ್ತ ಅವನ ತಾಯಿಯ ಮಾತೆತ್ತುತ್ತಾನೆ. ಅಧ್ಯಕ್ಷ ಅವನ ಮೇಲೆ ಎಗರುತ್ತಾನೆ. ನಿಜವಾದ ನಲವತ್ತನೇ ಅಧ್ಯಕ್ಷ ರೊನಾಲ್ಡ್ ರೇಗನ್ ಆದ. ಕರಿಯನಾದ ಬರಾಕ್ ಒಬಾಮ 2008ರಲ್ಲಿ ಆಯ್ಕೆಯಾದಾಗ ಪ್ರಯರ್ ಸತ್ತು ಮೂರು ವರ್ಷವಾಗಿತ್ತು. ಕುರ್ಚಿ ಸಿಕ್ಕಿದರೂ ನಿನ್ನಮ್ಮ ಏನು ಕೆಲಸ ಮಾಡ್ತಿದ್ಲು ಅನ್ನುವ ಪ್ರಶ್ನೆ ಬೆನ್ನು ಬಿಡುವುದಿಲ್ಲ. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷಗಿರಿಗೆ ಮೀಸಲಾತಿಯಲ್ಲಿ ಗೆದ್ದು ಬಂದ ಹೆಣ್ಣುಮಕ್ಕಳನ್ನು ಕೇಳಿ ನೋಡಿ.

ಇನ್ನೊಂದರಲ್ಲಿ ಅವನು ವಿಲ್ಲಿ ಎಂಬ ಕುಡುಕ. ಹೆಂಡದಂಗಡಿಯಲ್ಲಿ ತೂರಾಡುತ್ತಾನೆ, ಎಲ್ಲರ ಮೇಲೂ ಬೀಳುತ್ತಾನೆ, ಜನ ನಗುತ್ತಾರೆ. ಮನೆಗೆ ಬಂದು ಧೊಪ್ಪನೆ ಬಿದ್ದು ನಿದ್ದೆ ಹೋಗುತ್ತಾನೆ. ಆಗ ಹೆಂಡತಿ ನಮ್ಮ ಕಡೆ ತಿರುಗಿ ಮಾತಾಡುತ್ತಾಳೆ. ಆ ಪಾತ್ರ ಮಾಡಿದವರು ಕವಯಿತ್ರಿ ಮಾಯಾ ಏಂಜೆಲೊ. ಈ ಗಂಡಸು ಮುಂಚೆ ಹೇಗಿದ್ದ, ಹೊರಗಿನ ಲೋಕ ಅವನನ್ನು ಏನು ಮಾಡಿ ಕಳಿಸಿತು, ಅವನು ಮನೆಗೆ ಬಂದು ಅವಳಿಗೆ ಏನು ಮಾಡಿದ. ಹಾಸ್ಯ ನೋಡಲು ಕೂತವರ ನಗು ಅಲ್ಲೇ ಕಟ್ಟಾಗುತ್ತದೆ. ನಮ್ಮ ಕೇರಿಗಳಲ್ಲಿ ಕುಡುಕನನ್ನು ನೋಡಿ ಊರು ನಕ್ಕಿದೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಅಗ್ಗದ ವಿಸ್ಕಿ ಪೊಟ್ಟಣ ಬಂತು, ನಗುವೂ ಹೊಡೆತವೂ ಮುಂದುವರಿದವು. ಆ ಹೆಂಗಸಿನ ಮಾತಿಗೆ ಕಿವಿಗೊಟ್ಟವರು ಕಡಿಮೆ. ಹೋರಾಟಗಾರರಾದ ನಮ್ಮನ್ನೂ ಸೇರಿಸಿ ಹೇಳುತ್ತಿದ್ದೇನೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ವಿಲ್ಲಿಯನ್ನು ಅಷ್ಟು ಚೆನ್ನಾಗಿ ಆಡಿದ ಪ್ರಯರ್ ತನ್ನ ಮನೆಯಲ್ಲಿ ವಿಲ್ಲಿಯೇ ಆಗಿದ್ದ. ಏಳು ಸಲ ಮದುವೆಯಾದ. ಹೆಂಗಸರನ್ನು ಹೊಡೆದ. ಕೊಕೇನಿಗೆ ದಾಸನಾದ. 1980ರ ಜೂನಿನಲ್ಲಿ ಮತ್ತಿನಲ್ಲಿ ತನಗೇ ಬೆಂಕಿ ಹಚ್ಚಿಕೊಂಡು, ಉರಿಯುವ ಮೈಯಲ್ಲಿ ರಸ್ತೆಗೆ ಓಡಿದ. ಬದುಕಿ ಬಂದ ಮೇಲೆ ಅದನ್ನೂ ಹಾಸ್ಯ ಮಾಡಿದ. ನಮ್ಮವನು ಅಂತ ಅವನ ಕೈಯ ಪಾಪವನ್ನು ಒರೆಸಬೇಕಾಗಿಲ್ಲ. ತುಳಿಸಿಕೊಂಡವನೂ ತುಳಿಯಬಲ್ಲ; ಅವನ ಕಾಲಕೆಳಗೆ ಸಿಕ್ಕುವವಳು ಯಾವಾಗಲೂ ಅವನ ಮನೆಯವಳೇ.

ಆ ಕಾರ್ಯಕ್ರಮ ನಾಲ್ಕೇ ಕಂತಿಗೆ ನಿಂತಿತು. ಅವನ ಬಳಗದಲ್ಲಿ ಆಗ ಹೆಸರಿಲ್ಲದ ಹುಡುಗರಾಗಿದ್ದ ರಾಬಿನ್ ವಿಲಿಯಮ್ಸ್, ಸಾಂಡ್ರಾ ಬರ್ನ್‌ಹಾರ್ಡ್, ಟಿಮ್ ರೀಡ್ ಮುಂದೆ ಹೆಸರುವಾಸಿಯಾದರು.

1979ರಲ್ಲಿ ಪ್ರಯರ್ ಕೀನ್ಯಾಕ್ಕೆ ಹೋದ. ಎಲ್ಲ ಕಡೆ ಕರಿಯರೇ: ಅಂಗಡಿಯವನು, ಅಧಿಕಾರಿ, ದೊರೆ. ಅಲ್ಲಿ ಕೂತು ಯೋಚಿಸಿದಾಗ, ಇಷ್ಟು ದಿನದಲ್ಲಿ ಆ ಬೈಗುಳ ಒಂದು ಸಲವೂ ನನ್ನ ಮನಸ್ಸಿಗೆ ಬರಲಿಲ್ಲವಲ್ಲ ಅಂತ ಹೊಳೆಯಿತಂತೆ. 1974ರಲ್ಲಿ ಆ ಮಾತನ್ನೇ ಹೆಸರಾಗಿಟ್ಟ ಧ್ವನಿಮುದ್ರಿಕೆಯಿಂದ ಗ್ರ್ಯಾಮಿ ಪ್ರಶಸ್ತಿ ಗೆದ್ದವನು ಇನ್ನು ಅದನ್ನು ಆಡುವುದಿಲ್ಲ ಅಂತ ತೀರ್ಮಾನ ಮಾಡಿದ, 1982ರ ಸಿನಿಮಾದಲ್ಲಿ ಎಲ್ಲರ ಮುಂದೆ ಹೇಳಿದ. ಅವನು ಬಿಟ್ಟ ಮಾತನ್ನು ನಾನೂ ಈ ಲೇಖನದಲ್ಲಿ ಬರೆದಿಲ್ಲ. ಆದರೆ ಗೆಳೆಯ ಮೂನಿ ಬಿಡಲಿಲ್ಲ. ಬಿಳಿಯರು ಹೊಸೆದ ಹಗ್ಗವನ್ನು ನಾವು ಹಿಡಿದರೆ ಅದು ನಮ್ಮದು ಅನ್ನುವ ವಾದ ಅವನದು. 2006ರಲ್ಲಿ ಅವನೂ ಬಿಡುವ ಮಾತಾಡಿದ. ಈ ಜಗಳ ನಮಗೆ ಹೊಸದಲ್ಲ. ಹರಿಜನ ಅನ್ನುವ ಹೆಸರನ್ನು ನಾವು ಹಿಂದಿರುಗಿಸಿದೆವು, ದಲಿತ ಅನ್ನುವುದನ್ನು ಹೆಮ್ಮೆಯಿಂದ ಎತ್ತಿಕೊಂಡೆವು. ಜಾತಿಯ ಹೆಸರನ್ನು ಕೆಲವರು ಎದೆಯ ಮೇಲೆ ಬರೆದುಕೊಂಡರು, ಕೆಲವರು ಬೇಡ ಅಂದರು. ಮಾತನ್ನು ಹಿಡಿಯುವುದೋ ಬಿಡುವುದೋ ಅನ್ನುವುದನ್ನು ತೀರ್ಮಾನಿಸುವವರು ಆ ಮಾತಿನ ಏಟು ತಿಂದವರೇ ಆಗಬೇಕು.

ಅವನ ದಾರಿಯಲ್ಲಿ ಎಷ್ಟೋ ಜನ ಬಂದರು. 1990ರಲ್ಲಿ ಕೀನನ್ ಐವರಿ ವೇಯನ್ಸ್ 'ಇನ್ ಲಿವಿಂಗ್ ಕಲರ್' ಶುರುಮಾಡಿದ, ಬಹುಪಾಲು ಕರಿಯರೇ ಇದ್ದ ಪ್ರಹಸನ ಕಾರ್ಯಕ್ರಮ. 2003ರಲ್ಲಿ ಡೇವ್ ಶಪೆಲ್ ತನ್ನ ಕಾರ್ಯಕ್ರಮ ಶುರುಮಾಡಿದ. ಮುದುಕನಾಗಿದ್ದ ಮೂನಿಯನ್ನು ಕರೆದು ಮರ್ಯಾದೆ ಮಾಡಿದ. ಶಪೆಲ್‌ಗೆ 5 ಕೋಟಿ ಡಾಲರಿನ ಒಪ್ಪಂದ ಅಂತ ಪತ್ರಿಕೆಗಳು ಬರೆದವು. 2005ರಲ್ಲಿ, ಪ್ರಯರ್ ಸತ್ತ ವರ್ಷವೇ, ಮೂರನೇ ಸುತ್ತಿನ ಚಿತ್ರೀಕರಣದ ನಡುವೆ ಅವನು ಎಲ್ಲ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದ. ಕಾರಣ ಅವನೇ ಹೇಳಿದ: ಮುಖಕ್ಕೆ ಮಸಿ ಬಳಿದುಕೊಂಡು ಒಂದು ಪಾತ್ರ ಮಾಡುತ್ತಿದ್ದಾಗ ಅಲ್ಲಿದ್ದ ಒಬ್ಬ ಬಿಳಿಯ ನಕ್ಕ. ಆ ನಗು ಬೇರೆ ಥರ ಕೇಳಿಸಿತು. ಇವನು ನನ್ನ ಜೊತೆ ನಗುತ್ತಿಲ್ಲ, ನನ್ನನ್ನು ನೋಡಿ ನಗುತ್ತಿದ್ದಾನೆ ಅನ್ನಿಸಿತು. ಜರ್ಮನಿಯ ಸಿನಿಮಾ ಮಂದಿರದಲ್ಲಿ ಪ್ರಯರ್ ಕೇಳಿದ ನಗು ಅದೇ. ಹಾಸ್ಯ ನಮ್ಮದೇ ಆದರೂ ಅದನ್ನು ಕೊಂಡುಕೊಳ್ಳುವ ಕಿಸೆ ಬೇರೆಯವರದಾದರೆ, ನಕ್ಕವರ ಮುಖ ನೋಡದೆ ಆಡುವಂತಿಲ್ಲ.

ಪ್ರಯರನಿಗೆ 1986ರಲ್ಲಿ ನರಗಳ ಕಾಯಿಲೆ ಅಂತ ಗೊತ್ತಾಯಿತು. ದೇಶಕ್ಕೆ ಬಿಳಿಯರ ನಡಿಗೆ ತೋರಿಸಿಕೊಟ್ಟವನಿಗೆ ತನ್ನ ನಡಿಗೆಯೇ ಹೋಯಿತು. 1998ರಲ್ಲಿ ಅಮೆರಿಕದ ಹಾಸ್ಯಕ್ಕಾಗಿ ಕೊಡುವ ಮಾರ್ಕ್ ಟ್ವೇನ್ ಪ್ರಶಸ್ತಿ ಶುರುವಾದಾಗ ಮೊದಲು ಸಿಕ್ಕಿದ್ದು ಅವನಿಗೆ. ಸತ್ತ ಹತ್ತು ವರ್ಷಕ್ಕೆ, 2015ರಲ್ಲಿ, ಪಿಯೋರಿಯಾದಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ಶಾಲೆಯಿಂದ ಹೊರಗೆ ಹಾಕಿದ ಊರು. ಪ್ರತಿಮೆ ಯಾರನ್ನೂ ಅಣಕಿಸುವುದಿಲ್ಲವಲ್ಲ, ಅದಕ್ಕೇ ಎಲ್ಲ ಊರಿಗೂ ಪ್ರತಿಮೆ ಇಷ್ಟ.

ನಾನು ಮೇಷ್ಟ್ರಾಗಿ ಕಂಡ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಒಂದು ನಗೆನಾಟಕ. ಅದರಲ್ಲಿ ಒಬ್ಬ ಪೆದ್ದ ಇರಲೇಬೇಕು. ಅವನ ಹೆಸರು ಕರಿಯ ಅಂತಲೋ ಕೆಂಚ ಅಂತಲೋ ಇರುತ್ತದೆ. ಹಾಲಿಗೆ ಆಲು ಅನ್ನುತ್ತಾನೆ. ಪಾತ್ರ ಹಂಚುವಾಗ ಅದು ತಾನಾಗಿ ನಮ್ಮ ಕೇರಿಯ ಹುಡುಗನ ಪಾಲಿಗೆ ಬರುತ್ತದೆ. 'ಅವ್ನಿಗೆ ಸಹಜವಾಗಿ ಬರ್ತದೆ ಸಾರ್' ಅಂತ ಸಹೋದ್ಯೋಗಿಗಳು. ಒಂದು ವರ್ಷ ನಾನು ಆ ಹುಡುಗನಿಗೆ ಹೇಳಿದೆ: ಪೆದ್ದನ ಪಾತ್ರ ಬೇಡ ಕಣೋ, ಮೇಷ್ಟ್ರ ಪಾತ್ರ ನೀನು ಮಾಡು. ಯಾವ ಮೇಷ್ಟ್ರು ಸಾರ್ ಅಂದ. ನಾನೇ ಇದ್ದೀನಲ್ಲ ಅಂದೆ. ಹುಡುಗ ಎರಡು ದಿನ ನಾಚಿಕೊಂಡ. ಮೂರನೇ ದಿನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸೀಮೆಸುಣ್ಣವನ್ನು ಬೀಡಿಯ ಹಾಗೆ ಹಿಡಿದು, ಹಕಾರವನ್ನು ಹೊಟ್ಟೆಯೊಳಗಿಂದ ಎತ್ತಿ ಎತ್ತಿ ಹೇಳಿದ. ನನ್ನ ಹಕಾರ! ಇಡೀ ಶಾಲೆ ನಕ್ಕಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಉತ್ತೇಜನ ಸಿಕ್ಕಿದ ಹುಡುಗ ವಾರ್ಷಿಕೋತ್ಸವದ ದಿನ ಮೇಷ್ಟ್ರನ್ನು ಮುಗಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ಊರ ದೊಡ್ಡವರೊಬ್ಬರು ಶಲ್ಯ ಸರಿಮಾಡಿಕೊಳ್ಳುವುದನ್ನೂ ಮಾಡಿ ತೋರಿಸಿದ. ಹಿಂದಿನ ಸಾಲಿನವರು ಮೊದಲು ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಬಾಯಿ ಬಿಟ್ಟೇ ನಕ್ಕರು.

ಮುಂದಿನ ವರ್ಷ ನಾಟಕ ಬೇಡ, ಸಿನಿಮಾ ಹಾಡಿನ ಡ್ಯಾನ್ಸ್ ಸಾಕು ಅಂತ ತೀರ್ಮಾನವಾಯಿತು.

ಮೇಷ್ಟ್ರುಗಳೆ, ಗೆಳೆಯರೆ, ಪಿಯೋರಿಯಾದ ಆ ಟೀಚರಮ್ಮ ಕೊಟ್ಟದ್ದು ವಾರಕ್ಕೆ ಕೆಲವೇ ನಿಮಿಷ. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ನಮ್ಮ ಶಾಲೆಯ ಕೊನೆ ಬೆಂಚಿನಲ್ಲಿ, ಹಾಸ್ಟೆಲಿನ ಮೂಲೆಯಲ್ಲಿ, ನಮ್ಮೆಲ್ಲರ ನಡಿಗೆಯನ್ನೂ ಕಣ್ಣಲ್ಲೇ ಅಳೆದು ಇಟ್ಟುಕೊಂಡ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಾರೆ. ವಾರದ ಕೊನೆ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಅವರಿಗೆ ಬಿಟ್ಟುಕೊಡಿ. ಮೊದಲು ನಿಮ್ಮನ್ನೇ ಅಣಕಿಸುತ್ತಾರೆ. ಅಣಕಿಸಲಿ.